ಅಣ್ಣನ 'ಒಂದಕ್ಕೆ' ಯಾರಿಗೂ ತಿಳಿಯಲಿಲ್ಲ: ವಸತಿ ಕೇಂದ್ರದಲ್ಲಿ ಆರು ವರ್ಷ

ಬುದ್ಧಿ ಬೆಳೆಯದವರನ್ನು ನೋಡಿಕೊಳ್ಳುವ ಈ ಕೇಂದ್ರದ ಹೆಸರು ಹಾಕುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಣ್ಣ ಇನ್ನೂ ಅಲ್ಲೇ ಇದ್ದಾನೆ, ನಾಳೆಯೂ ಅವರೇ ಅವನಿಗೆ ಬಡಿಸಬೇಕು. ಕಾಸರಗೋಡು ಜಿಲ್ಲೆಯಲ್ಲೇ ಇದೆ, ಬದಿಯಡ್ಕದ ನಮ್ಮ ಮನೆಯಿಂದ ಎರಡು ಬಸ್ಸು ಹಿಡಿಯಬೇಕು, ಇಷ್ಟು ಸಾಕು. ಐದಕ್ಕೆ ಮೂರೂವರೆ ಕೊಡುತ್ತೇನೆ. ಮೂರು ವರ್ಷದ ಹಿಂದೆ ಕೇಳಿದ್ದರೆ ಎರಡು. ಸೇರಿಸಿದ ಮೊದಲ ತಿಂಗಳು ಕೇಳಿದ್ದರೆ ಕಣ್ಣು ಮುಚ್ಚಿ ಐದು.

ಅಣ್ಣನಿಗೆ ಈಗ 44. ಹುಟ್ಟುವಾಗ ಉಸಿರು ಕಟ್ಟಿತ್ತು, ಬುದ್ಧಿ ಬೆಳೆಯಲಿಲ್ಲ, ಜೊತೆಗೆ ಅಪಸ್ಮಾರ. (ನಮ್ಮೂರಲ್ಲಿ ಹೀಗೆಂದ ಕೂಡಲೇ ಎಲ್ಲರೂ ಎಂಡೋಸಲ್ಫಾನಾ ಅಂತ ಕೇಳುತ್ತಾರೆ. ಅಲ್ಲ. ಆ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಅವನಿಲ್ಲ, ಆದ್ದರಿಂದ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಐದು ಲಕ್ಷ ಪರಿಹಾರವೂ ಇಲ್ಲ.) 38 ವರ್ಷ ಅಮ್ಮ ಒಬ್ಬರೇ ನೋಡಿಕೊಂಡರು. 2019ರ ಮಳೆಗಾಲದಲ್ಲಿ ಅಂಗಳದ ಹಾವಸೆಯಲ್ಲಿ ಜಾರಿ ಸೊಂಟ ಮುರಿದುಕೊಂಡರು. ಇಂಥವರಿಗಾಗಿ ಪಂಚಾಯತು ನಡೆಸುವ ಬಡ್ಸ್ ಕೇಂದ್ರಕ್ಕೆ ಕಳಿಸಿ ಅಂದವರು ಬಹಳ ಜನ. ಅದು ಒಳ್ಳೆಯದೇ, ಆದರೆ ಹಗಲು ಮಾತ್ರ, ಸಂಜೆ ಮನೆಗೆ. ರಾತ್ರಿ ಯಾರು? ನನಗೆ ಸೊಸೈಟಿಯಲ್ಲಿ ಕೆಲಸ, ಮನೆಯಲ್ಲಿ ಮಲಗಿದ ಅಮ್ಮ, ಸಣ್ಣ ಮಕ್ಕಳಿಬ್ಬರು.

ನಾಲ್ಕು ಕಡೆ ನೋಡಿದೆ. ಇಲ್ಲಿಗೆ ಮನಸೋತಿದ್ದು ಕಟ್ಟಡ ನೋಡಿ. ನೆಲಕ್ಕೆ ಹೊಸ ಟೈಲ್ಸ್, ಕಿಟಕಿಗೆ ಸೊಳ್ಳೆ ಜಾಲರಿ, ಫಿಸಿಯೋಥೆರಪಿಗೆ ಬೇರೆಯೇ ರೂಮು. ಆ ರೂಮಿನ ಸೈಕಲ್ಲಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರಲಿಲ್ಲ. ಅದನ್ನು ನೋಡಿಯೂ ನಾನು ನೋಡಲಿಲ್ಲ.

ಹನ್ನೊಂದು ಪುಟದ ಅರ್ಜಿ ತುಂಬಿಸಿದರು. ಎತ್ತರ, ತೂಕ, ಅಲರ್ಜಿ, ಮಾತ್ರೆ, ಯಾವ ಮೀನು ಆಗುವುದಿಲ್ಲ, ಎಲ್ಲ ಇತ್ತು. ಅವನು ಯಾವ ಮಾತಾಡುತ್ತಾನೆ ಅಂತ ಒಂದು ಕಾಲಂ ಇರಲಿಲ್ಲ. ನನಗೂ ಹೇಳಬೇಕು ಅಂತ ಹೊಳೆಯಲಿಲ್ಲ.

ಮೂರನೇ ತಿಂಗಳ ಬಿಲ್ಲಿನಲ್ಲಿ ಹೊಸ ಸಾಲು: ಡಯಾಪರ್, 2,400. ಫೋನ್ ಮಾಡಿದೆ. ಹತ್ತು ವರ್ಷದ ಹುಡುಗನಾಗಿದ್ದಾಗಿಂದ ಒಂದು ದಿನ ಹಾಸಿಗೆ ಒದ್ದೆ ಮಾಡಿದವನಲ್ಲ, ಇವನಿಗೆ ಯಾಕೆ ಡಯಾಪರ್? "ಮೂತ್ರದ ಮೇಲೆ ಹಿಡಿತ ಇಲ್ಲ ಅಂತ ಫೈಲಲ್ಲಿದೆಯಲ್ಲ" ಅಂದರು ಆಫೀಸಿನ ಮೇಡಂ, ಮಲಯಾಳದಲ್ಲಿ.

ಭಾನುವಾರ ಹೋದೆ. ಸಂಜೆ ಚಹಾದ ಹೊತ್ತು, ಅಣ್ಣ ಊಟದ ಹಾಲಿನ ಮೂಲೆಯಲ್ಲಿ ಕೂತಿದ್ದ. ನನ್ನನ್ನು ಕಂಡು ನಕ್ಕ. ಆಮೇಲೆ ಪಕ್ಕದಲ್ಲಿದ್ದ ಕೆಲಸದ ಚೇಚಿಯ (ಮಲಯಾಳದಲ್ಲಿ ಅಕ್ಕ) ಕೈ ಹಿಡಿದು "ಒಂದಕ್ಕೆ, ಒಂದಕ್ಕೆ" ಅಂದ. ಆಕೆ ಪ್ರೀತಿಯಿಂದಲೇ "ಒನ್ನು ಕೂಡಿ ವೇಣೋ?" ಅಂತ ಕೇಳಿ ಇನ್ನೊಂದು ಬಿಸ್ಕೆಟ್ ಕೊಟ್ಟರು. ಅಣ್ಣ ಬಿಸ್ಕೆಟ್ ಹಿಡಿದುಕೊಂಡೇ ಕಾಲಿಗೆ ಕಾಲು ಒತ್ತಿಕೊಂಡು ಮತ್ತೆ "ಒಂದಕ್ಕೆ" ಅಂದ. ಆಕೆ ಮತ್ತೊಂದು ಕೊಟ್ಟರು. ಎಳೆದುಕೊಂಡು ಬಾತ್‌ರೂಮಿಗೆ ಓಡಿದೆ. ಡಯಾಪರಿನ ಅಂಟು ಬಿಚ್ಚಲು ಅವನಿಗೆ ಗೊತ್ತಿರಲಿಲ್ಲ.

ಮೂರು ತಿಂಗಳು ಇದೇ ನಡೆದಿತ್ತು. ಅವನು ಕೇಳುವುದು, ಬಿಸ್ಕೆಟ್ ಸಿಗುವುದು, ಒದ್ದೆಯಾಗುವುದು, ಫೈಲಿನಲ್ಲಿ ಬರೆಯುವುದು.

ಅಡುಗೆಮನೆಯಲ್ಲಿ ಮುಳ್ಳೇರಿಯಾದ ಒಬ್ಬರು ಅಕ್ಕ ಇದ್ದರು, ಅಲ್ಲಿ ಕನ್ನಡ ಬಲ್ಲವರು ಅವರೊಬ್ಬರೇ. ಅವರು ಇನ್ನೊಂದು ಸಂಗತಿ ಹೇಳಿದರು. ಅಣ್ಣ ಬಡಿಸುವಾಗ "ಚೂರು, ಚೂರು" ಅನ್ನುತ್ತಾನಂತೆ, ಸ್ವಲ್ಪ ಸಾಕು ಅಂತ. ಮಲಯಾಳದಲ್ಲಿ ಅನ್ನಕ್ಕೆ ಚೋರು. ಕೇಳಿದಷ್ಟೂ ಬಡಿಸಿದ್ದಾರೆ ಪಾಪ. ಹಾಕಿದ್ದನ್ನು ಬಿಡಬಾರದು ಅಂತ ಅಮ್ಮ ಕಲಿಸಿದ್ದರಿಂದ ಇವನೂ ತಿಂದು ಮುಗಿಸಿದ್ದಾನೆ. ಆ ವರ್ಷ ಒಂಬತ್ತು ಕಿಲೋ ಏರಿದ.

ನಗುವುದೋ ಅಳುವುದೋ. ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಲು ನಮಗೆ 1969ರ ಕಾನೂನಿನಲ್ಲೇ ಅವಕಾಶ ಇದೆ, ಅದಕ್ಕಾಗಿ ನಮ್ಮವರು ಎಷ್ಟು ಹೋರಾಡುತ್ತಾರೆ ಅಲ್ವಾ. ಆದರೆ ಒಂದಕ್ಕೆ ಹೋಗಬೇಕು ಅನ್ನುವುದಕ್ಕೆ ಯಾವ ಕಾನೂನು?

ಅವತ್ತು ರಾತ್ರಿ ಹಳೇ ಕ್ಯಾಲೆಂಡರಿನ ಹಿಂದೆ ಅಣ್ಣನ ಮಾತುಗಳ ಪಟ್ಟಿ ಮಾಡಿದೆ. ನಾನು ಓದಿದ್ದು ಕನ್ನಡ ಮಾಧ್ಯಮ, ಮಲಯಾಳ ಮಾತಾಡಿದರೂ ಬರೆಯಲು ಬಾರದು. ಮಗಳು ಬರೆದಳು. 22 ಮಾತು. ಒಂದಕ್ಕೆ, ಎರಡಕ್ಕೆ, ಚೂರು, ಸಾಕು. 'ಪೋಂಪೋಂ' ಅಂದರೆ ಬಸ್ಸು ನೋಡಬೇಕು, ಗೇಟಿನ ಹತ್ತಿರ ಐದು ನಿಮಿಷ ನಿಲ್ಲಿಸಿದರೆ ಸಮಾಧಾನ. ಎಲ್ಲಕ್ಕಿಂತ ಮುಖ್ಯವಾದದ್ದು 'ಗಿರಗಿರ'. ಫಿಟ್ಸ್ ಬರುವ ಮುಂಚೆ ಅಣ್ಣ ತಲೆ ಹಿಡಿದುಕೊಂಡು ಹಾಗನ್ನುತ್ತಾನೆ. ಅದರ ಎದುರು ದೊಡ್ಡದಾಗಿ ಬರೆಸಿದೆ: ಕೂಡಲೇ ಮಲಗಿಸಿ, ಒಂದು ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಬೀಗದ ಕೀ ಕೊಡಬೇಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆ. ಪಟ್ಟಿ ಊಟದ ಹಾಲಿನ ಗೋಡೆಗೆ ಅಂಟಿಸಿದರು. ಎರಡು ವಾರದಲ್ಲಿ ಡಯಾಪರ್ ನಿಂತಿತು. ಆ ದುಡ್ಡು ವಾಪಸ್ ಬರಲಿಲ್ಲ, ನಾನೂ ಕೇಳಲಿಲ್ಲ.

ಕಾಗದಪತ್ರದ ವಿಷಯ ಬೇಗ ಹೇಳುತ್ತೇನೆ. ಬುದ್ಧಿ ಬೆಳೆಯದಿದ್ದರೂ 18 ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ಅವನು ದೊಡ್ಡವನು, ತಾಯಿಯೂ ತಾನಾಗಿಯೇ ಪೋಷಕಿ ಅಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾನೂನಿನ ಪ್ರಕಾರ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸುತ್ತದೆ. ವಿದ್ಯಾನಗರದ ಕಲೆಕ್ಟರೇಟಿಗೆ ನಾಲ್ಕು ಸಲ ಹೋಗಿ ಮಾಡಿಸಿದೆ. ನೇಮಕ ಆದಲ್ಲಿಗೆ ಮುಗಿಯುವುದಿಲ್ಲ, ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ವರ್ಷ ವರ್ಷ ಲೆಕ್ಕ. ನಿರಾಮಯ ವಿಮೆಯೂ ಅದೇ ಟ್ರಸ್ಟಿನದು, ಒಂದು ಲಕ್ಷದವರೆಗೆ, ಮುಂಚೆ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. ನವೀಕರಿಸಲು ಮರೆಯಬೇಡಿ, ನಾನು ಒಮ್ಮೆ ಮರೆತು ಅನುಭವಿಸಿದೆ. ಕೇಂದ್ರಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾನೂನಿನ ಕೆಳಗೆ ನೋಂದಣಿ ಬೇಕು, ಆ ಪತ್ರ ಕೇಳಿ ನೋಡಿ. ಕೇಳಿದರೆ ಮುಖ ಗಂಟಿಕ್ಕುವ ಕಡೆ ಸೇರಿಸಬೇಡಿ.

ಕೊರೋನಾ ಕಾಲದಲ್ಲಿ ಇವರು ನಿಜಕ್ಕೂ ಚೆನ್ನಾಗಿ ನೋಡಿಕೊಂಡರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಆಂಬುಲೆನ್ಸೇ ದಾಟಲಿಲ್ಲ. ಅಣ್ಣನ ಡಾಕ್ಟರು ಮಂಗಳೂರಲ್ಲಿ, ನಮ್ಮ ಕೈಕಾಲು ತಣ್ಣಗಾಯಿತು. ವ್ಯಾಲ್ಪ್ರೋಯೇಟ್ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಒತ್ತೊತ್ತಾಗಿ ಬರಬಹುದು. ಕೇಂದ್ರದವರು ಎಲ್ಲಿಂದಲೋ ಎರಡು ತಿಂಗಳಿಗಾಗುವಷ್ಟು ತಂದಿಟ್ಟರು. ಏಳು ತಿಂಗಳು ನಾವು ಒಳಗೆ ಹೋಗುವಂತಿರಲಿಲ್ಲ, ಭಾನುವಾರ ತಪ್ಪದೆ ವಿಡಿಯೋ ಕಾಲ್ ಮಾಡಿಸಿದರು. ಅಣ್ಣ ಫೋನಿನ ಹಿಂದೆ ಬಗ್ಗಿ ಅಮ್ಮನನ್ನು ಹುಡುಕುತ್ತಿದ್ದ.

ಹಾಗೆ ನಂಬಿಕೆ ಬಂದ ಮೇಲೆ 2022ರ ಪೆಟ್ಟು. ಒಂದು ಬುಧವಾರ ಹೇಳದೆ ಹೋದೆ, ಸಂಜೆ ನಾಲ್ಕು ಗಂಟೆ. ಮಾತ್ರೆಯ ಚಾರ್ಟ್ ಮೇಜಿನ ಮೇಲಿತ್ತು. ರಾತ್ರಿ ಎಂಟರ ಕಾಲಂನಲ್ಲಿ ಆಗಲೇ ಸಹಿ ಬಿದ್ದಿತ್ತು. ಅಣ್ಣನದು ಮಾತ್ರ ಅಲ್ಲ, ಎಲ್ಲರದೂ, ಒಂದೇ ನೀಲಿ ಪೆನ್ನು, ಒಂದೇ ಓಟ. ನಾಲ್ಕು ದಿನದ ಹಿಂದೆ ಅಣ್ಣನಿಗೆ ಯಾಕೆ ಎರಡು ಸಲ ಫಿಟ್ಸ್ ಬಂತು ಅಂತ ಅಲ್ಲಿ ಗೊತ್ತಾಯಿತು. ಕೂಗಾಡಿದೆ. ಸಹಿ ಹಾಕಿದ ಹುಡುಗನನ್ನು ತೆಗೆದುಹಾಕಿದರು, ಅದೂ ನನಗೆ ಸರಿ ಕಾಣಲಿಲ್ಲ. ರಾತ್ರಿ 14 ಜನಕ್ಕೆ ಅವನೊಬ್ಬನೇ. ಒಬ್ಬನನ್ನು ಬಾತ್‌ರೂಮಿಗೆ ಕರೆದುಕೊಂಡು ಹೋದರೆ ಉಳಿದವರನ್ನು ದೇವರೇ ನೋಡಬೇಕು. ಅವನು ಸಹಿ ಮುಂಚೆ ಹಾಕಿದ್ದು ಸೋಮಾರಿತನದಿಂದ ಅಂತ ನನಗೆ ಅನಿಸುವುದಿಲ್ಲ. ಈಗ ರಾತ್ರಿ ಇಬ್ಬರಿದ್ದಾರೆ, ಅದಕ್ಕೆ ನಾವು ಕೆಲವು ಮನೆಯವರು ಸೇರಿ ಪತ್ರ ಕೊಡಬೇಕಾಯಿತು, ಫೀಸೂ ಏರಿತು. ಶುರುವಿನಲ್ಲಿ 14,000 ಇದ್ದದ್ದು ಈಗ 19,500. ಮನೆಯಲ್ಲಿ ನೋಡಿಕೊಳ್ಳುವವರಿಗೆ ಕೇರಳ ಸರಕಾರ ಹಣ ಕೊಡುವ ಆಶ್ವಾಸಕಿರಣಂ ಯೋಜನೆ ನಮಗೆ ಈಗ ಅನ್ವಯಿಸುವುದಿಲ್ಲ.

ಹೊಸದಾಗಿ ಹುಡುಕುವವರು ನನಗೆ ಫೋನ್ ಮಾಡಿ ಕೇಳುತ್ತಾರೆ, ಏನು ನೋಡಬೇಕು ಅಂತ. ಟೈಲ್ಸ್ ಬಿಡಿ. ರಾತ್ರಿ ಎಂಟಕ್ಕೆ ಹೋಗಿ, ಒಳಗೆ ಬಿಡದಿದ್ದರೆ ಅದೇ ಉತ್ತರ. ಬೆಳಿಗ್ಗೆ ಹೋದರೆ ಟೂತ್‌ಬ್ರಷ್ ಮುಟ್ಟಿ ನೋಡಿ, ಒದ್ದೆ ಇದೆಯಾ ಅಂತ. ಕೆಲಸದವರಲ್ಲಿ ಹಳಬರು ಯಾರು, ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿ, ಮ್ಯಾನೇಜರ್ ಹತ್ತಿರ ಅಲ್ಲ, ಅವರ ಹತ್ತಿರವೇ. ನಿಮ್ಮವರ ಮಾತು ಅಲ್ಲಿ ಒಬ್ಬರಿಗಾದರೂ ಬರುತ್ತದೆಯೇ ನೋಡಿ. ಆ ಒಬ್ಬರು ಅಡುಗೆಯವರೇ ಆದರೂ ಪರವಾಗಿಲ್ಲ.

ನಮ್ಮ ಮುಳ್ಳೇರಿಯಾದ ಅಕ್ಕ ಈ ಮೇ ತಿಂಗಳಲ್ಲಿ ಕೆಲಸ ಬಿಟ್ಟರು, ಮಂಡಿನೋವು. ಹೋದ ಭಾನುವಾರ ಹೋದಾಗ ರಾತ್ರಿ ಪಾಳಿಗೆ ಹೊಸ ಹುಡುಗ ಬಂದಿದ್ದ, ಅಸ್ಸಾಮಿನವನು, ತುಂಬ ಮೃದು. ಮಲಯಾಳ ಓದಲು ಬರುವುದಿಲ್ಲ. ಅಣ್ಣ ಅವನ ಕೈ ಹಿಡಿದು "ಒಂದಕ್ಕೆ" ಅಂದ, ಹುಡುಗ ನನ್ನ ಮುಖ ನೋಡಿದ. ಪಟ್ಟಿಯನ್ನು ಹಿಂದಿಯಲ್ಲಿ ಬರೆಯಬೇಕು. ಮಗಳು ಈಗ ಹಾಸ್ಟೆಲಿನಲ್ಲಿದ್ದಾಳೆ, ಈ ಸಲ ಮಗನನ್ನು ಕೂರಿಸಿದ್ದೇನೆ. 'ಗಿರಗಿರ'ಕ್ಕೆ ಹಿಂದಿಯಲ್ಲಿ ಏನು ಬರೆಯಲಿ ಅಂತ ಕೇಳುತ್ತಿದ್ದಾನೆ.