‘ಅಲ್ಲೇ ಇನ್‌ಸ್ಟ್ರಕ್ಟರ್ ಆಗ್ತಾನೆ ಸಾರ್’ ಅನ್ನುವ ಏಜೆಂಟರ ಬಗ್ಗೆ ಎಚ್ಚರ

ಮಗನನ್ನೋ ಮಗಳನ್ನೋ ಪೈಲಟ್ ತರಬೇತಿಗೆ ಅಮೆರಿಕಕ್ಕೆ ಕಳಿಸಲು ಹೊರಟವರು ದುಡ್ಡು ಕಟ್ಟುವ ಮೊದಲು ಇದನ್ನು ಓದಿ. ನನ್ನ ತಮ್ಮ ಫ್ಲೋರಿಡಾದ ಒಂದು ಫ್ಲೈಯಿಂಗ್ ಸ್ಕೂಲಿಗೆ ಹೋಗಿ ಬಂದ. ಕಳಿಸಿದ್ದು ಬೆಂಗಳೂರಿನ ಒಬ್ಬ ಏಜೆಂಟ್. ಹೆಸರು ಹಾಕುತ್ತಿಲ್ಲ, ಈ ಮಾತು ಆಡಿ ಗಿರಾಕಿ ಹಿಡಿಯುವವನು ಅವನೊಬ್ಬನೇ ಅಲ್ಲ.

ಮಾತು ಹೀಗಿತ್ತು: “ಲೈಸೆನ್ಸ್ ಆದ್ಮೇಲೆ ಹುಡುಗ ಅದೇ ಸ್ಕೂಲಲ್ಲಿ ಇನ್‌ಸ್ಟ್ರಕ್ಟರ್ ಆಗ್ತಾನೆ ಸಾರ್. ಸಂಬಳ ತಗೊಂಡು 1,500 ಗಂಟೆ ಹಾರ್ತಾನೆ. ಆಮೇಲೆ ಏರ್‌ಲೈನ್ಸ್‌ನೋರೇ ಕರೀತಾರೆ. ನೀವು ಹಾಕಿದ ದುಡ್ಡು ಅಲ್ಲೇ ಹುಟ್ಟುತ್ತೆ.” ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆದದ್ದು ಆ ಕೊನೆಯ ಮಾತು ನಂಬಿ.

ಇದರಲ್ಲಿ ಮೋಸ ಎಲ್ಲಿದೆ ಅಂತ ಸುಲಭಕ್ಕೆ ಗೊತ್ತಾಗುವುದಿಲ್ಲ, ಯಾಕೆಂದರೆ ಮುಕ್ಕಾಲು ಪಾಲು ನಿಜ. 2009ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರ ಕೋಲ್ಗನ್ ಏರ್ ಅನ್ನುವ ಕಂಪನಿಯ ವಿಮಾನ ಬಿದ್ದು 50 ಜನ ಸತ್ತರು. ಅದಾದ ಮೇಲೆ ಅಮೆರಿಕ ಕಾನೂನು ಬಿಗಿ ಮಾಡಿತು. 2013ರಿಂದ ಅಲ್ಲಿ ಏರ್‌ಲೈನಿನ ಕೋ-ಪೈಲಟ್ ಆಗಲಿಕ್ಕೂ ಸಾಮಾನ್ಯವಾಗಿ 1,500 ಗಂಟೆ ಬೇಕು. ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಕಮರ್ಷಿಯಲ್ ಲೈಸೆನ್ಸ್ ಸುಮಾರು 250 ಗಂಟೆಗೆ ಕೈಗೆ ಬರುತ್ತದೆ. ಉಳಿದ ಗಂಟೆಗಳನ್ನು ವಿಮಾನ ಬಾಡಿಗೆಗೆ ತಗೊಂಡು ಹಾರಲು ಯಾರಿಗೂ ಪೂರೈಸದು. ಅದಕ್ಕೇ ಅಲ್ಲಿಯ ಹುಡುಗರು ಇನ್‌ಸ್ಟ್ರಕ್ಟರ್ ಆಗುತ್ತಾರೆ. ಹೇಳಿಕೊಟ್ಟ ಹೊತ್ತೆಲ್ಲ ಹಾರಾಟದ ಲೆಕ್ಕ ಇಡುವ ಅವರ ಲಾಗ್‌ಬುಕ್ಕಿಗೆ ಪೈಲಟ್-ಇನ್-ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಗಂಟೆಯಾಗಿ ಸೇರುತ್ತದೆ. ಕಲಿಕೆಯೂ ಸುಳ್ಳಲ್ಲ. ಕ್ರಾಸ್‌ವಿಂಡ್ ಲ್ಯಾಂಡಿಂಗ್, ಅಂದರೆ ಅಡ್ಡಗಾಳಿಯಲ್ಲಿ ವಿಮಾನ ಇಳಿಸುವುದು, ತನಗೆ ಸರಿಯಾಗಿ ಅರ್ಥವಾದದ್ದೇ ಇನ್ನೊಬ್ಬ ಅದನ್ನು ಕೆಡಿಸುವಾಗ ಪಕ್ಕದಲ್ಲಿ ಕೂತಿದ್ದಾಗ ಅಂತಾನೆ ತಮ್ಮ.

ಆದರೆ ಆ ದಾರಿ ಇರುವುದು ಅಲ್ಲಿ ದುಡಿಯುವ ಹಕ್ಕಿರುವವರಿಗೆ. ತಮ್ಮನದು ಎಂ-1 ವೀಸಾ, ವೃತ್ತಿ ತರಬೇತಿಗೆ ಹೋಗುವವರಿಗೆ ಕೊಡುವಂಥದ್ದು. ಓದುವಾಗ ದುಡಿಯುವಂತಿಲ್ಲ. ಓದು ಮುಗಿದ ಮೇಲೆ ‘ಪ್ರಾಕ್ಟಿಕಲ್ ಟ್ರೈನಿಂಗ್’ ಅಂತ ಅನುಮತಿ ಕೊಡುತ್ತಾರೆ: ನಾಲ್ಕು ತಿಂಗಳ ಓದಿಗೆ ಒಂದು ತಿಂಗಳು, ಎಷ್ಟೇ ಓದಿದರೂ ಆರು ತಿಂಗಳಿಗಿಂತ ಹೆಚ್ಚಿಲ್ಲ. ಒಂದು ವರ್ಷ ಓದಿದವನಿಗೆ ಸಿಗುವುದು ಮೂರು ತಿಂಗಳು. ಫ್ಲೋರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನವಾದರೆ ಗುಡುಗು ಮಳೆ, ವಿಮಾನ ಹಗ್ಗ ಕಟ್ಟಿ ನಿಲ್ಲಿಸಬೇಕು. ಎಲ್ಲ ಕೂಡಿ ಬಂದರೂ ತಿಂಗಳಿಗೆ 80 ಗಂಟೆ ಅನ್ನಿ. 1,500 ಎಲ್ಲಿ, ಇವನು 500 ಮುಟ್ಟದೆ ವಾಪಸ್ ಬಂದ.

ಕಾಲೇಜು ಓದಿನಂಥ ವಿದ್ಯಾಭ್ಯಾಸಕ್ಕೆ ಕೊಡುವ ಎಫ್-1 ವೀಸಾ ಇದ್ದರೆ ಒಂದು ವರ್ಷ ಕೆಲಸಕ್ಕೆ ಅನುಮತಿ ಸಿಗಬಹುದು. ಅದರಲ್ಲೂ 1,500 ತುಂಬುವುದು ಬಹಳ ಕಷ್ಟ. ಅಲ್ಲಿಗೆ ಹೋದ ಮೇಲೆ ಎಂ-1ನ್ನು ಎಫ್-1ಕ್ಕೆ ಬದಲಿಸಿಕೊಳ್ಳಲು ಬರುವುದಿಲ್ಲ. ಹೇಗೋ ಗಂಟೆ ತುಂಬಿತು ಅಂದರೂ ಅಲ್ಲಿಯ ಏರ್‌ಲೈನ್‌ಗಳು ಮೊದಲು ಕೇಳುವುದು ಈ ದೇಶದಲ್ಲಿ ಕೆಲಸ ಮಾಡಲು ಕಾಯಂ ಹಕ್ಕಿದೆಯಾ ಅಂತ.

ಇನ್ನು ಇಲ್ಲಿಗೆ ಬಂದರೆ ಲೆಕ್ಕವೇ ಬೇರೆ. ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಕೊಡುವ ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಸಾಕು. ವಿದೇಶಿ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಿಸಿಕೊಳ್ಳಲು ಇಲ್ಲಿಯ ಪರೀಕ್ಷೆ ಬರೆಯಬೇಕು, ಮೆಡಿಕಲ್ ಆಗಬೇಕು. ಆಮೇಲೆ ಏರ್‌ಲೈನಿನ ಲಿಖಿತ ಪರೀಕ್ಷೆ, ಸಿಮ್ಯುಲೇಟರ್ ಪರೀಕ್ಷೆ, ಅದರ ಮೇಲೆ ಏರ್‌ಬಸ್ 320ರಂಥ ವಿಮಾನದ ಟೈಪ್ ರೇಟಿಂಗ್ (ಆ ಒಂದು ಮಾದರಿಯ ವಿಮಾನ ಹಾರಿಸಲು ಬೇಕಾದ ಅರ್ಹತೆ). ಸೆಸ್ನಾ ಅನ್ನುವ ಸಣ್ಣ ತರಬೇತಿ ವಿಮಾನದಲ್ಲಿ ಹೇಳಿಕೊಟ್ಟ ಗಂಟೆಗಳು ಈ ಯಾವ ಮೆಟ್ಟಿಲನ್ನೂ ತಪ್ಪಿಸಲಿಲ್ಲ. ಅಮೆರಿಕದ ಇನ್‌ಸ್ಟ್ರಕ್ಟರ್ ರೇಟಿಂಗ್ (ಹಾರಾಟ ಕಲಿಸುವ ಅರ್ಹತೆ) ಹಿಡಿದು ಇಲ್ಲಿ ನೇರವಾಗಿ ಪಾಠ ಹೇಳಲಿಕ್ಕೂ ಆಗದು, ಡಿಜಿಸಿಎಯದ್ದೇ ಬೇಕು. ಆ ಕೋರ್ಸಿಗೆ ಅಂತ ಬೇರೆಯಾಗಿ ಕಟ್ಟಿದ ದುಡ್ಡು ಈಗ ಚೌಕಟ್ಟು ಹಾಕಿಸಬಹುದಾದ ಕಾಗದ.

ಏಜೆಂಟನಿಗೆ ಫೋನ್ ಮಾಡಿ ಕೇಳಿದೆ. “ಕೆಲಸ ಕೊಡಿಸ್ತೀವಿ ಅಂದಿದ್ವಿ, ಕೊಡಿಸಿದ್ವಲ್ಲ ಮೇಡಂ” ಅಂದ. ಮೂರೇ ತಿಂಗಳು ಅಂತ ಯಾಕೆ ಹೇಳಲಿಲ್ಲ ಅಂದಿದ್ದಕ್ಕೆ ಲೈನ್ ಕಟ್.

ಸ್ಕೂಲಿನಿಂದ ಐ-20 ಅನ್ನುವ ಕಾಗದ ಬರುತ್ತದೆ. ಅದರ ಮೊದಲ ಪುಟದಲ್ಲೇ ಎಫ್-1 ಅಥವಾ ಎಂ-1 ಅಂತ ಅಚ್ಚಾಗಿರುತ್ತದೆ. ಅದನ್ನು ಕಣ್ಣಾರೆ ನೋಡುವ ತನಕ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕೆಲಸಕ್ಕೆ ಎಷ್ಟು ತಿಂಗಳ ಅನುಮತಿ ಅಂತ ಸ್ಕೂಲಿನವರಿಂದಲೇ ಇಮೇಲಿನಲ್ಲಿ ಬರೆಸಿಕೊಳ್ಳಿ, ಏಜೆಂಟನ ವಾಟ್ಸಾಪ್ ವಾಯ್ಸ್ ಮೆಸೇಜ್ ಸಾಲದು. ಪೂರ್ತಿ ಹಣ ಒಟ್ಟಿಗೆ ಕೇಳಿದರೆ, ಹಾರಿದಷ್ಟಕ್ಕೆ ಕಂತಿನಲ್ಲಿ ಕಟ್ಟುತ್ತೇವೆ ಅನ್ನಿ. ಅದಕ್ಕೆ ಒಪ್ಪದ ಸ್ಕೂಲನ್ನು ಬಿಟ್ಟು ಬೇರೆ ಹುಡುಕಿ.