ಜಲಪಾತಕ್ಕೆ ಇಳಿಯುವ ಮೊದಲು ಕೇಳಿ: ಹಗ್ಗವನ್ನು ಮೇಲಿನಿಂದಲೇ ಸಡಿಲಿಸಿ ಇಳಿಸೋಕೆ ಆಗುತ್ತಾ?

ವೀಕೆಂಡ್‌ಗೆ ಸಕಲೇಶಪುರದ ಕಡೆ ಜಲಪಾತ ಇಳಿಯೋಕೆ, ಜಿಪ್‌ಲೈನ್ ಮಾಡೋಕೆ ಹೊರಟಿರುವವರು ದಯವಿಟ್ಟು ಪೂರ್ತಿ ಓದಿ. ಶುಕ್ರವಾರ ರಾತ್ರಿ ಯಶವಂತಪುರದಿಂದ ಟೆಂಪೊ ಟ್ರಾವೆಲರ್‌ನಲ್ಲಿ ಹೊರಟ ಹನ್ನೆರಡು ಜನರ ತಂಡ. ಮರುದಿನ ಬೆಳಿಗ್ಗೆ ಅವರಲ್ಲೊಬ್ಬ ಹುಡುಗಿ ಜಲಪಾತದ ನಟ್ಟನಡುವೆ ಹಗ್ಗದಲ್ಲೇ ಸಿಕ್ಕಿಕೊಂಡಳು. ಸಡಿಲವಾಗಿದ್ದ ಟೀ ಶರ್ಟಿನ ಅಂಚು ಹಗ್ಗದ ಜೊತೆ ಫಿಗರ್ ಏಟ್ (ಹಗ್ಗ ಸುತ್ತಿ ನಿಧಾನಕ್ಕೆ ಇಳಿಯಲು ಬಳಸುವ, ಇಂಗ್ಲಿಷ್ 8ರ ಆಕಾರದ ಲೋಹದ ಸಾಧನ) ಒಳಗೆ ಹೋಗಿ ಕಚ್ಚಿಕೊಂಡಿತ್ತು. ಮೈಭಾರವೆಲ್ಲ ಅದರ ಮೇಲೆಯೇ ಇದ್ದದ್ದರಿಂದ ಎಳೆದಷ್ಟೂ ಬಿಗಿಯಾಯಿತು. ತಲೆ ಮೇಲೆ ಧೋ ಎಂದು ನೀರು. ಮುಖ ಪಕ್ಕಕ್ಕೆ ತಿರುಗಿಸಿದರಷ್ಟೇ ಉಸಿರು. ಹಗ್ಗವನ್ನು ಮೇಲೆ ಮರಕ್ಕೆ ಗಂಟು ಹಾಕಿ ಬಿಗಿದುಬಿಟ್ಟಿದ್ದರು. ಭಾರ ಬಿದ್ದ ಗಂಟನ್ನು ಬಿಚ್ಚಲು ಆಗುವುದಿಲ್ಲ. ಎರಡನೇ ಹಗ್ಗ ಜೀಪಿನಲ್ಲಿತ್ತು. ಅದನ್ನು ತಂದು, ಒಬ್ಬರು ಇಳಿದು, ಅವಳ ಭಾರ ಎತ್ತಿ ಬಟ್ಟೆ ಕತ್ತರಿಸುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು. ಜೀವ ಉಳಿಯಿತು. ಕೆಳಗೆ ಬಂದಾಗ ತುಟಿ ನೀಲಿಗಟ್ಟಿತ್ತು, ಮಾತು ತೊದಲುತ್ತಿತ್ತು.

ಟೀ ಶರ್ಟನ್ನು ಒಳಗೆ ಸಿಕ್ಕಿಸಿಕೊಳ್ಳಬೇಕಿತ್ತು, ನಿಜ. ಆದರೆ ಬಟ್ಟೆ, ಕೂದಲು ಸಿಕ್ಕಿಕೊಳ್ಳುವುದು ಯಾರಿಗಾದರೂ ಆಗಬಹುದು. ಅದಕ್ಕೆ ಮೊದಲೇ ತಯಾರಿ ಇಲ್ಲದ್ದೇ ದೊಡ್ಡ ತಪ್ಪು. ಒಣ ಬಂಡೆಯಲ್ಲಿ ಹಗ್ಗವನ್ನು ಹೀಗೆ ಗಂಟು ಹಾಕಿ ಬಿಗಿದರೆ ನಡೆಯುತ್ತದೆ, ಹರಿಯುವ ನೀರಿನಲ್ಲಿ ನಡೆಯುವುದಿಲ್ಲ. ಇಲ್ಲಿ ಹಗ್ಗವನ್ನು ಆಂಕರ್‌ನಲ್ಲಿ (ಮೇಲೆ ಹಗ್ಗ ಕಟ್ಟುವ ಜಾಗ) ಇನ್ನೊಂದು ಫಿಗರ್ ಏಟ್‌ಗೆ ಸುತ್ತಿ ಲಾಕ್ ಮಾಡಬೇಕು, ಉಳಿದ ಹಗ್ಗ ಪಕ್ಕದ ಚೀಲದಲ್ಲಿರಬೇಕು. ಯಾರಾದರೂ ಸಿಕ್ಕಿಕೊಂಡರೆ ಲಾಕ್ ತೆಗೆದು, ಹಗ್ಗದ ಸಮೇತ ಅವರನ್ನು ಗುಂಡಿಯವರೆಗೆ ಇಳಿಸಿಬಿಡಬಹುದು. 25 ಮೀಟರ್ ಜಲಪಾತಕ್ಕೆ ಚೀಲದಲ್ಲಿ ಇನ್ನೂ 25 ಮೀಟರ್ ಬೇಕು, ಅಂದರೆ 50 ಮೀಟರ್ ದಾಟಿದ ಹಗ್ಗ. ಕೆಳತುದಿ ನೀರಿಗೆ ತಾಗುವಷ್ಟಿದ್ದರೆ ಸಾಕು. ಉದ್ದವಾದರೆ ಸುಳಿಯಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಅಡ್ವಾನ್ಸ್ ಕಳಿಸುವ ಮೊದಲು ಫೋನಿನಲ್ಲೇ ಕೇಳಿ: "ಒಬ್ಬರು ಮಧ್ಯದಲ್ಲಿ ಸಿಕ್ಕಿಕೊಂಡರೆ ಹೇಗೆ ಇಳಿಸ್ತೀರಾ?" "ಹಂಗೇನೂ ಆಗಲ್ಲ ಸಾರ್" ಅಂದರೆ ದುಡ್ಡು ಕಳಿಸಬೇಡಿ.

ಹಾರ್ನೆಸ್ (ಸೊಂಟ, ತೊಡೆಗೆ ಹಾಕುವ ಬೆಲ್ಟ್) ಕೈಗೆ ಕೊಟ್ಟಾಗ ಒಳಗಿನ ಲೇಬಲ್ ತಿರುಗಿಸಿ ನೋಡಿ. ತಯಾರಾದ ವರ್ಷ ಅಳಿಸಿದ್ದರೆ ಅಥವಾ 10 ವರ್ಷ ದಾಟಿದ್ದರೆ ಬೇರೆ ಕೇಳಿ. ಸೊಂಟದ ಮುಂದೆ ಹಗ್ಗ ಸೇರುವ ಲೂಪ್‌ನಲ್ಲಿ ನೂಲು ಎದ್ದಿದ್ದರೂ, ಹೊಲಿಗೆ ಬಿಟ್ಟಿದ್ದರೂ ಅಷ್ಟೇ. ಕ್ಯಾರಬಿನರ್ (ಹಾರ್ನೆಸ್‌ಗೆ ಸಿಕ್ಕಿಸುವ ಲೋಹದ ಕೊಂಡಿ) ಸ್ಕ್ರೂ ಇರುವುದೇ ಆಗಬೇಕು, ಸ್ಕ್ರೂ ಪೂರ್ತಿ ತಿರುಗಿರಬೇಕು. ಅದರ ಮೇಲೆ ಉದ್ದಕ್ಕೆ 22 ಕಿಲೋನ್ಯೂಟನ್, ಅಡ್ಡಕ್ಕೆ 7 ಅಥವಾ 8 ಎಂಬಂತೆ ಕೊರೆದಿರುತ್ತದೆ. ಅಡ್ಡ ತಿರುಗಿದರೆ ಬಲ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅದಕ್ಕೇ ಭಾರ ಬಿಡುವ ಮುನ್ನ ಒಮ್ಮೆ ನೋಡಿಕೊಳ್ಳಿ.

ಜಿಪ್‌ಲೈನ್‌ನಲ್ಲಿ ನೋಡಬೇಕಾದ್ದು ಉಕ್ಕಿನ ಹಗ್ಗ ಕಂಬವನ್ನೋ ಮರವನ್ನೋ ಸುತ್ತಿ ವಾಪಸ್ ಬಂದು ಸೇರುವ ಜಾಗ. 12 ಮಿಲಿಮೀಟರ್ ಹಗ್ಗಕ್ಕೆ ಕಡಿಮೆಯೆಂದರೂ ಮೂರು ಕ್ಲಾಂಪ್ ಬೇಕು. ಕ್ಲಾಂಪಿನ ಯು ಆಕಾರದ ಬೋಲ್ಟ್ ತುಂಡು ತುದಿಯ ಮೇಲೆ, ಕುದುರೆಯ ಜೀನಿನಂಥ ದಪ್ಪ ಭಾಗ ಭಾರ ಹೊರುವ ಉದ್ದ ಹಗ್ಗದ ಮೇಲೆ ಕೂತಿರಬೇಕು. ತಿರುಗಾ ಮುರುಗಾ ಹಾಕಿದ್ದರೆ ಯು ಬೋಲ್ಟ್ ಭಾರದ ಹಗ್ಗದ ಎಳೆಗಳನ್ನೇ ಜಜ್ಜುತ್ತದೆ. ಪುಲ್ಲಿ ಜೊತೆಗೆ ನಿಮ್ಮ ಹಾರ್ನೆಸ್‌ನಿಂದ ಉಕ್ಕಿನ ಹಗ್ಗಕ್ಕೆ ಬೇರೆಯೇ ಒಂದು ಕೊಂಡಿಯೂ ಇರಬೇಕು. ಮಳೆಯಲ್ಲಿ ನೆನೆದ ಉಕ್ಕಿನ ಹಗ್ಗದ ಮೇಲೆ ಕೈಗವಸಿನ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಕೊನೆಯಲ್ಲಿ ಬೇರೆ ಬ್ರೇಕ್ ಇಲ್ಲದಿದ್ದರೆ ಹತ್ತಬೇಡಿ.

ಜೀನ್ಸ್, ಕ್ರಾಕ್ಸ್, ದುಪಟ್ಟಾ ಬೇಡ. ಮೈಗೆ ಅಂಟುವ, ಬೇಗ ಒಣಗುವ ಬಟ್ಟೆ, ಲೇಸ್ ಕಟ್ಟುವ ರಬ್ಬರ್ ಅಡಿಯ ಶೂ ಸಾಕು. ಕೂದಲನ್ನು ಜಡೆ ಹಾಕಿ ಹೆಲ್ಮೆಟ್ ಒಳಗೆ ಸೇರಿಸಿ, ಉಂಗುರ, ಸರ ತೆಗೆದಿಡಿ. ಇಂಬಳಕ್ಕೆ ಒತ್ತು ನೇಯ್ಗೆಯ ಲೀಚ್ ಸಾಕ್ಸ್ ಹಾಕಿ. ಸವರಿಕೊಂಡ ಉಪ್ಪು, ಎಣ್ಣೆ ಹಳ್ಳದಲ್ಲಿ ತೊಳೆದುಹೋಗುತ್ತದೆ.

ಪಶ್ಚಿಮ ಘಟ್ಟದ ಹಳ್ಳಕ್ಕೆ ನಿಮ್ಮ ತಲೆ ಮೇಲೆ ಮಳೆ ಬೀಳಬೇಕಾಗಿಲ್ಲ. ಮೇಲಿನ ಗುಡ್ಡದಲ್ಲಿ ಹೊಯ್ದರೂ ಸಾಕು. ತಿಳಿನೀರು ಚಹಾ ಬಣ್ಣಕ್ಕೆ ತಿರುಗಿದರೆ, ಎಲೆ ಕಡ್ಡಿ ತೇಲಿಬಂದರೆ, ಸದ್ದು ಬದಲಾದರೆ ಗೈಡ್ ಹೇಳಲಿ ಬಿಡಲಿ ದಡ ಹತ್ತಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬುಕಿಂಗ್ ತೆಗೆದುಕೊಳ್ಳುವವರ ಬಳಿ ಹೋಗಲೇಬೇಡಿ.

ವಾಪಸ್ ಬಂದ ಮೇಲೆ, ಒಂದು ತಿಂಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಡೋಲೋ ನುಂಗಿ ಆಫೀಸಿಗೆ ಹೋಗಬೇಡಿ. ಕಾಡಿನ ಹಳ್ಳದಲ್ಲಿ ಇಳಿದಿದ್ದೆ, ಮೈಮೇಲೆ ಗಾಯ ಇತ್ತು ಎಂದು ಡಾಕ್ಟರಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ಬೆಂಗಳೂರಿನಲ್ಲಿ ಡೆಂಗಿ ಪರೀಕ್ಷೆ ಮೊದಲು ಮಾಡುತ್ತಾರೆ, ಇಲಿಜ್ವರದ್ದು (ಇಲಿ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿ ಬರುವ ಲೆಪ್ಟೋಸ್ಪೈರೋಸಿಸ್) ತಡವಾಗುತ್ತದೆ.