ಟೆಂಪೋದಲ್ಲಿ ಬರುವ ಒಲೆಯವರ ಬಗ್ಗೆ ಹುಷಾರು

ತಿಪಟೂರು, ಗುಬ್ಬಿ, ತುರುವೇಕೆರೆ ಕಡೆಯವರು ಇದನ್ನು ಪೂರ್ತಿ ಓದಿ. ಹಳೇ ಸೌದೆ ಒಲೆ ಕಿತ್ತು ಹೊಸದು ಹಾಕಿಕೊಡುತ್ತೇವೆ ಎಂದು ಟೆಂಪೋದಲ್ಲಿ ಊರೂರು ಸುತ್ತುವ ಒಂದು ತಂಡ ನಮ್ಮ ಮನೆಗೂ ಬಂದಿತ್ತು. ಕೆಲಸ ಮುಗಿದಾಗ ನೋಡಲು ಲಕ್ಷಣವಾಗಿತ್ತು. ಅದೇ ಒಲೆಯಿಂದ ನಮ್ಮತ್ತೆ ಬಚ್ಚಲುಮನೆಯಲ್ಲಿ ಕುಸಿದು ಬಿದ್ದರು. ಆ ತಂಡದ ಹೆಸರು ಹಾಕುತ್ತಿಲ್ಲ. ಇಂಥವರು ಒಬ್ಬರೇ ಅಲ್ಲ, ಅವರು ಹೇಗೆ ಕೆಲಸ ಮಾಡುತ್ತಾರೆ ಅನ್ನೋದು ಗೊತ್ತಾದರೆ ಸಾಕು.

ಗ್ಯಾಸ್ ಇಲ್ವಾ ಎಂದು ಕೇಳುವವರಿಗೆ: ಇದೆ. ಕಾಫಿ, ಒಗ್ಗರಣೆ, ಸಾರು ಎಲ್ಲ ಗ್ಯಾಸಲ್ಲೇ. ಆದರೆ ಹಸುಗಳಿಗೆ ಹುರುಳಿ ಬೇಯಿಸುವುದು ಅಡುಗೆಮನೆಯ ಸೌದೆ ಒಲೆಯಲ್ಲಿ, ಮನೆಮಂದಿಯ ಸ್ನಾನಕ್ಕೆ ನೀರು ಕಾಯಿಸುವುದು ಬಚ್ಚಲ ಸೌದೆ ಒಲೆಯಲ್ಲಿ. ಬಚ್ಚಲ ಒಲೆಯ ಬಾಯಿ ಗೋಡೆಯ ಆಚೆ ಇತ್ತು. ತೋಟ ಇರುವ ಮನೆಯಲ್ಲಿ ಒಣಗರಿ, ಎಡಮಟ್ಟೆ, ಕಾಯಿಸಿಪ್ಪೆ ಕಾಲಿಗೆ ತೊಡರುವಷ್ಟು ಬಿದ್ದಿರುತ್ತೆ. ಅದನ್ನು ಬಿಟ್ಟು ಸಿಲಿಂಡರ್ ಸುಡುವವರು ಯಾರು?

ಅಡುಗೆಮನೆಯದು ಅಸ್ತ್ರ ಒಲೆ. ಅದಕ್ಕೂ ನಮ್ಮ ತುಮಕೂರು ಜಿಲ್ಲೆಗೂ ಹಳೇ ನಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಮಾಡುವುದು ಅದರ ಕೆಲಸ. ಆ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಶಾಖೆ ಇಟ್ಟುಕೊಂಡು ಅಲ್ಲಿನ ಮನೆಗಳಲ್ಲಿ ಕೆಲಸ ಮಾಡಿದರು. ಒಂದು ಬೆಂಕಿಗೆ ಮೂರು ಪಾತ್ರೆ, ಕೆಳಗೆ ಜಾಲರಿ, ಹೊಗೆ ಹೋಗಲು ಕೊಳವೆ. 1980ರ ದಶಕದಲ್ಲಿ ಸರ್ಕಾರದ ಸುಧಾರಿತ ಒಲೆ ಯೋಜನೆ ಬಂದಾಗ ನಮ್ಮ ಕಡೆ ಮನೆಮನೆಗೂ ಇಂಥ ಒಲೆ ಹಾಕಿದರು. ಕೇಂದ್ರ ಸರ್ಕಾರದ ಆ ಯೋಜನೆ 2002ರಲ್ಲಿ ನಿಂತುಹೋಯಿತು. ಒಲೆಗಳು ಉಳಿದವು, ರಿಪೇರಿ ಗೊತ್ತಿರುವವರು ಉಳಿಯಲಿಲ್ಲ. ಟೆಂಪೋದವರಿಗೆ ಗಿರಾಕಿ ಸಿಗುವುದು ಇಂಥ ಮನೆಗಳಲ್ಲೇ.

ನಿಜ ಹೇಳಬೇಕೆಂದರೆ ನಮ್ಮ ಒಲೆಗೆ ಆಗಿದ್ದು ದೊಡ್ಡ ರೋಗವೇನಲ್ಲ. ಜಾಲರಿಯ ಒಂದು ಸರಳು ಸುಟ್ಟು ಬಾಗಿತ್ತು. ಪಾತ್ರೆ ಇಡುವ ಎರಡನೇ ಕಣ್ಣಿನ ಹತ್ತಿರ ಮಣ್ಣು ಬಿರುಕು ಬಿಟ್ಟಿತ್ತು. ಕೊಳವೆಯಲ್ಲಿ ಮಸಿ ಕಟ್ಟಿತ್ತು. ಮಸಿ ತೆಗೆದು, ಜಾಲರಿ ಬದಲಿಸಿ, ಜೇಡಿಮಣ್ಣು ಮೆತ್ತಿದರೆ ಮುಗಿಯುತ್ತಿತ್ತು.

ಬಂದ ಮನುಷ್ಯ ಒಲೆ ಕಡೆ ಕಣ್ಣೇ ಹಾಕಲಿಲ್ಲ. ಮೊದಲು ನೋಡಿದ್ದು ಬಚ್ಚಲಲ್ಲಿದ್ದ ತಾಮ್ರದ ಹಂಡೆಯನ್ನು. “ಯಜಮಾನ್ರೇ, ಇದು ಓಬೀರಾಯನ ಕಾಲದ್ದು. ಕಿಲುಬು ಬರುತ್ತೆ, ಹುಣಸೆಹಣ್ಣು ಹಾಕಿ ತಿಕ್ಕಬೇಕು. ಇದನ್ನ ಕೊಡಿ, ಸ್ಟೀಲ್ ಬಾಯ್ಲರ್ ಇಟ್ಟು ಎರಡೂ ಒಲೆ ಹೊಸದು ಮಾಡ್ಕೊಡ್ತೀನಿ, ಮೇಲೆ 18,000 ಕೊಟ್ರೆ ಸಾಕು” ಅಂದ. ಅತ್ತೆ ಕಡೆ ತಿರುಗಿ, “ಅಮ್ಮ, ಮಳೇಲಿ ಆಚೆ ಹೋಗಿ ಉರಿ ಹಾಕ್ತೀರಲ್ಲ, ಯಾಕೆ? ಒಲೆ ಬಾಯಿ ಒಳಗೇ ಮಾಡಿಬಿಡ್ತೀನಿ” ಅಂದ. ಮೊಣಕಾಲು ನೋವಿನವರಿಗೆ ಈ ಮಾತು ಹೇಗೆ ಕೇಳಿಸುತ್ತೆ, ನೀವೇ ಹೇಳಿ. ಮಾವ ಹೂಂ ಅಂದರು.

ಹಂಡೆಯನ್ನು ತೂಕಕ್ಕೆ ಹಾಕಲೇ ಇಲ್ಲ. ಇಬ್ಬರು ಸೇರಿ ಎತ್ತಿ ಟೆಂಪೋಗೆ ಇಟ್ಟರು. ಅತ್ತೆಯ ತವರಿನಿಂದ ಬಂದ ಹಂಡೆ ಅದು, ದಪ್ಪ ತಗಡಿನದು. ಹಳೇ ತಾಮ್ರ ಕೆಜಿ ಲೆಕ್ಕದಲ್ಲಿ ಹೋಗುತ್ತೆ. ತಿಪಟೂರು ಪೇಟೆಯಲ್ಲಿ ಯಾವ ಪಾತ್ರೆ ಅಂಗಡಿಗೆ ಹೋದರೂ ಅವತ್ತಿನ ರೇಟು ಹೇಳುತ್ತಾರೆ. ನಿಮ್ಮ ಮನೆಗೆ ಯಾರಾದರೂ ಬಂದರೆ ಮೊದಲು ಅದನ್ನು ವಿಚಾರಿಸಿ. ಇವರ ವ್ಯಾಪಾರ ಒಲೆಯದಲ್ಲ, ಹಂಡೆಯದು ಅಂತ ನನಗೆ ಈಗಲೂ ಅನ್ನಿಸುತ್ತೆ.

ಇನ್ನು ಕೆಲಸದ ವಿಷಯ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಮೊದಲು ಹಳೇ ಕೊಳವೆಯನ್ನು ಸುತ್ತಿಗೆಯಲ್ಲಿ ಹೊಡೆದು ಪುಡಿ ಮಾಡಿದರು, ಅಡುಗೆಮನೆಯ ಒಳಗೇ. ಬಿಳೀ ಧೂಳು ರಾಗಿ ಹಿಟ್ಟಿನ ಡಬ್ಬದ ಮುಚ್ಚಳದ ಮೇಲೆಲ್ಲ ಕೂತಿತ್ತು. ಮುರಿದ ಚೂರಿನ ಅಂಚಿನಲ್ಲಿ ಸಣ್ಣ ಸಣ್ಣ ನಾರು ಎದ್ದು ಕಾಣುತ್ತಿತ್ತು. ನಾವು ಸಿಮೆಂಟ್ ಪೈಪು ಅನ್ನುತ್ತೇವಲ್ಲ, ಅದರಲ್ಲಿರುವುದು ಕಲ್ನಾರು, ಆಸ್ಬೆಸ್ಟಾಸ್. ಆ ಕಾಲದ ಸುಧಾರಿತ ಒಲೆಗಳಿಗೆ ಹಾಕಿದ್ದು ಹೆಚ್ಚಾಗಿ ಇದೇ ಕೊಳವೆ. ಅದು ತನ್ನ ಪಾಡಿಗೆ ನಿಂತಿದ್ದರೆ ಅಷ್ಟು ತೊಂದರೆ ಇಲ್ಲ. ಒಡೆದಾಗ, ಕೊಯ್ದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು, ಅದೂ ಎಷ್ಟೋ ವರ್ಷ ಕಳೆದ ಮೇಲೆ. ತೆಗೆಯಲೇಬೇಕಾದರೆ ನೀರು ಹಾಕಿ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಬೇಕು. ನಮ್ಮಲ್ಲಿ ಆ ಚೂರುಗಳನ್ನು ಕೊಟ್ಟಿಗೆ ಮುಂದಿನ ಗುಂಡಿಗೆ ಸುರಿದು ಹೋಗಿದ್ದರು. ಮಕ್ಕಳು ಆಡುವ ಜಾಗ ಅದು.

ಆಮೇಲೆ ಒಲೆಯ ಒಳಮೈಗೆ ಸಿಮೆಂಟು ಗಿಲಾವು ಮಾಡಿ, ಮೇಲೆ ಗ್ರಾನೈಟ್ ಚಪ್ಪಡಿ ಹಾಸಿದರು. ಕನ್ನಡಿ ಹಾಗೆ ಹೊಳೆಯುತ್ತಿತ್ತು, ನೆಂಟರೆಲ್ಲ ಫೋಟೋ ತೆಗೆದುಕೊಂಡರು. ಆದರೆ ಸೌದೆ ಬೆಂಕಿಯ ಗೂಡಿನಲ್ಲಿ ಶಾಖ 600 ಡಿಗ್ರಿ ದಾಟುವುದು ಏನೂ ದೊಡ್ಡದಲ್ಲ. ಮಾಮೂಲಿ ಸಿಮೆಂಟು 400 ಡಿಗ್ರಿ ಮೇಲೆ ಹೋದರೆ ಅದರೊಳಗಿನ ಸುಣ್ಣದ ಅಂಶ ಒಡೆಯಲು ಶುರುವಾಗುತ್ತೆ. ಆಮೇಲೆ ನೀರು ಬಿದ್ದರೆ ಉಬ್ಬಿ ಬಿರಿಯುತ್ತೆ. ಬಚ್ಚಲ ಒಲೆಗೆ ನೀರು ಬೀಳದೇ ಇರುತ್ತಾ? ಗ್ರಾನೈಟ್ ಕಥೆಯೂ ಅಷ್ಟೇ. ಅದರಲ್ಲಿರುವ ಕ್ವಾರ್ಟ್ಜ್ ಎಂಬ ಖನಿಜ 573 ಡಿಗ್ರಿಯಲ್ಲಿ ಒಮ್ಮೆಲೇ ಹಿಗ್ಗುತ್ತೆ, ಕಲ್ಲು ಸೀಳುತ್ತೆ. ನಮ್ಮ ಚಪ್ಪಡಿ ಹುರುಳಿ ಬೇಯುತ್ತಿರುವಾಗಲೇ ಪಟ್ ಅಂತ ಸೀಳಿತು. ಪುಣ್ಯಕ್ಕೆ ಹತ್ತಿರ ಯಾರೂ ಇರಲಿಲ್ಲ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ನೆ ಇರುತ್ತಿದ್ದೆ. ನಿಜವಾದ ಅಪಾಯ ಇದ್ದದ್ದು ಹೊಗೆ ಕೊಳವೆಯಲ್ಲಿ.

ಅಡುಗೆಮನೆಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ. ಖರ್ಚು ಉಳಿಸಲು ಆತ ಎರಡೂ ಒಲೆಗಳ ಹೊಗೆಯನ್ನು ಒಂದೇ ಕೊಳವೆಗೆ ಸೇರಿಸಿದ್ದ. ಕೆಳಗೆ ತಗಡಿನ ಕೊಳವೆ. ಜಂತಿ ದಾಟಿದ ಮೇಲೆ ಅಡ್ಡಕ್ಕೆ ತಿರುಗಿಸಿ, ಪಿವಿಸಿ ಬೆಂಡು, ಪಿವಿಸಿ ಪೈಪು, ಅದಕ್ಕೆ ಬೂದಿ ಬಣ್ಣ. ಕೆಳಗಿಂದ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತಿತ್ತು. ಪಿವಿಸಿ ನೂರು ಡಿಗ್ರಿ ಶಾಖವನ್ನೂ ತಡೆಯುವುದಿಲ್ಲ, ಮೆತ್ತಗಾಗುತ್ತೆ. ಇನ್ನೂ ಕಾದರೆ ಅದರಿಂದ ಬರುವ ಗಾಳಿ ಗಂಟಲು, ಕಣ್ಣು ಸುಡುತ್ತೆ. ಒಲೆಯ ಹೊಗೆ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ. ಬೆಂಡು ಮೆತ್ತಗಾಗಿ ಕುಗ್ಗಿ, ಹೊಗೆಯ ದಾರಿ ಮುಚ್ಚುತ್ತಾ ಬಂದಿದ್ದು ಹೆಂಚಿನ ಕೆಳಗೆ. ಯಾರ ಕಣ್ಣಿಗೂ ಬೀಳಲಿಲ್ಲ.

ಅವತ್ತು ಜಡಿಮಳೆ. ಎರಚಲು ಬರುತ್ತೆ ಎಂದು ಬಚ್ಚಲ ಕಿಟಕಿ ಮುಚ್ಚಿತ್ತು. ಅಡುಗೆಮನೆ ಒಲೆಯಲ್ಲಿ ಹುರುಳಿ ಬೆಂದು ಬರೀ ಕೆಂಡ ಉಳಿದಿತ್ತು. ಬಚ್ಚಲ ಒಲೆಯಲ್ಲೂ ಕೆಂಡ. ಹೊಗೆಯೇ ಕಾಣುತ್ತಿರಲಿಲ್ಲ. ಅತ್ತೆ ಸ್ನಾನಕ್ಕೆ ಹೋಗಿದ್ದರು, ಚೊಂಬು ಬೀಳುವ ಸದ್ದು ಕೇಳಿಸಿತು, ಆಮೇಲೆ ಕೂಗಿದರೂ ಉತ್ತರ ಇಲ್ಲ. ಚಿಲಕ ಮುರಿದು ಎತ್ತಿಕೊಂಡು ಜಗಲಿಗೆ ತಂದು ಮಲಗಿಸಿದೆವು. ಆಚೆ ಗಾಳಿಗೆ ಕಣ್ಣು ಬಿಟ್ಟರು. ತಲೆ ಸಿಡಿಯುತ್ತೆ, ವಾಕರಿಕೆ ಅಂದರು. ಕೊರೋನಾ ಕಾಲದಲ್ಲಿ ತಂದಿದ್ದ, ರಕ್ತದ ಆಮ್ಲಜನಕ ನೋಡುವ ಬೆರಳಿನ ಮೀಟರ್ ಹಾಕಿದರೆ 98 ತೋರಿಸಿತು. ಬಿಪಿ ಇರಬೇಕು, ಮಲಗಿದರೆ ಸರಿಹೋಗುತ್ತೆ ಎಂದು ಅಕ್ಕಪಕ್ಕದವರು.

ನಮ್ಮನೆಯವರು ಕೇಳಲಿಲ್ಲ, ಕಾರು ತೆಗೆದರು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ “ಬಚ್ಚಲಲ್ಲಿ ಒಲೆ ಇದೆಯಾ?” ಎಂದು. ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿ ಸಾಲದೆ ಸೌದೆ, ಇದ್ದಿಲು ಅರೆಬರೆ ಉರಿದಾಗ ಹುಟ್ಟುತ್ತೆ. ಆಮ್ಲಜನಕ ಕೂರಬೇಕಾದ ಜಾಗದಲ್ಲಿ ರಕ್ತಕ್ಕೆ ತಾನು ಅಂಟಿಕೊಳ್ಳುತ್ತೆ, ಅದೂ 200 ಪಟ್ಟಿಗಿಂತ ಜಾಸ್ತಿ ಬಿಗಿಯಾಗಿ. ಬೆರಳಿನ ಮೀಟರ್‌ಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲವಂತೆ, ಅದಕ್ಕೇ 98. ಈ ಒಂದು ವಿಷಯವನ್ನು ದಯವಿಟ್ಟು ನಾಲ್ಕು ಜನಕ್ಕೆ ಹೇಳಿ. ಒಲೆ ಇರುವ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಮೀಟರ್ ಏನೇ ತೋರಿಸಲಿ, ಮೊದಲು ಆಚೆ ಕರೆತನ್ನಿ, ಆಮೇಲೆ ಆಸ್ಪತ್ರೆ. ಅತ್ತೆಗೆ ಆಕ್ಸಿಜನ್ ಹಾಕಿದರು. ಈಗ ಹುಷಾರಾಗಿದ್ದಾರೆ.

ಒಲೆಯವನಿಗೆ ಫೋನ್ ಮಾಡಿದರೆ “ಕಿಟಕಿ ಯಾಕೆ ಮುಚ್ಕೊಂಡ್ರಿ?” ಅಂದ. ಮಾರನೇ ದಿನದಿಂದ ಫೋನೇ ಎತ್ತಲಿಲ್ಲ.

ಕೊನೆಗೆ ಇದನ್ನು ಸರಿ ಮಾಡಿದ್ದು ಬೇಕರಿ ಒಲೆ ಕಟ್ಟುವ ಒಬ್ಬ ವಯಸ್ಸಾದ ಮೇಸ್ತ್ರಿ. ಸೌದೆ ಒಲೆ ಕೆಲಸಕ್ಕೆ ಜನ ಸಿಗುತ್ತಿಲ್ಲ ಅನ್ನುವವರು ಬೇಕರಿಗಳಲ್ಲಿ ವಿಚಾರಿಸಿ, ಬೆಂಕಿಯ ಗುಣ ಗೊತ್ತಿರುವವರು ಅಲ್ಲಿ ಸಿಗುತ್ತಾರೆ. ಅವರು ಬಂದವರೇ ಏಣಿ ಕೇಳಿದರು. ಹೆಂಚು ಸರಿಸಿ ಮೇಲೆ ನೋಡಿ, “ಯಾರವ್ವ ಇದನ್ನ ಮಾಡಿದ್ದು?” ಅಂತ ಬೈದುಕೊಂಡೇ ಕೆಳಗಿಳಿದರು. ಉರಿ ತಾಗುವ ಜಾಗಕ್ಕೆಲ್ಲ ಶಾಖ ತಡೆಯುವ ಇಟ್ಟಿಗೆ, ಅಂದರೆ ಫೈರ್ ಬ್ರಿಕ್, ಅದನ್ನು ಕೂರಿಸಲು ಸಿಮೆಂಟ್ ಅಲ್ಲ, ಶಾಖ ತಡೆಯುವ ಮಣ್ಣು, ಫೈರ್ ಕ್ಲೇ. ಹೊರಮೈಗೆ ಹೊಟ್ಟು ಕಲಸಿದ ಜೇಡಿಮಣ್ಣು. ಬೀಡು ಕಬ್ಬಿಣದ ಜಾಲರಿ. ಒಂದೊಂದು ಒಲೆಗೂ ಬೇರೆ ಬೇರೆ ಕೊಳವೆ, ಎರಡೂ ನೆಟ್ಟಗೆ, ಹೆಂಚಿನ ನೆತ್ತಿಗಿಂತ ಎರಡಡಿ ಮೇಲಕ್ಕೆ. ನೆತ್ತಿಗಿಂತ ಕೆಳಗಿದ್ದರೆ ಗಾಳಿ ಹೊಗೆಯನ್ನು ವಾಪಸ್ ಒಳಕ್ಕೆ ತಳ್ಳುತ್ತಂತೆ. ಜಂತಿಗೆ ತಾಗದ ಹಾಗೆ ಸುತ್ತ ಜಾಗ ಬಿಟ್ಟರು. ಬುಡದಲ್ಲಿ ಮಸಿ ತೆಗೆಯಲು ಮುಚ್ಚಳ ಇರುವ ಕಿಂಡಿ. ಬಚ್ಚಲ ಒಲೆಯ ಬಾಯಿ ಮತ್ತೆ ಗೋಡೆಯ ಆಚೆಗೇ ಹೋಯಿತು, ಮೇಲೆ ಎರಡು ಶೀಟಿನ ಮಾಡು ಹಾಕಿಸಿದೆವು, ಮಳೆ ತಾಪತ್ರಯ ತಪ್ಪಿತು. ಬಚ್ಚಲಿಗೆ ಮೇಲೊಂದು ಕೆಳಗೊಂದು ಮುಚ್ಚಲಾಗದ ಕಿಂಡಿ. ಹಳೇ ಮನೆಗಳಲ್ಲಿ ಒಲೆ ಬಾಯಿ ಯಾಕೆ ಆಚೆ ಇರುತ್ತಿತ್ತು ಅನ್ನೋದು ಈಗ ಅರ್ಥವಾಗುತ್ತೆ ಅಲ್ವಾ?

ಹಸಿ ಸೌದೆ ಬಗ್ಗೆಯೂ ಮೇಸ್ತ್ರಿ ಹೇಳಿ ಹೋಗಿದ್ದಾರೆ. ಹಸಿ ಎಡಮಟ್ಟೆ ಉರಿಸಿದರೆ ಕೊಳವೆಯೊಳಗೆ ಡಾಂಬರಿನಂಥ ಮಸಿ ಕಟ್ಟುತ್ತೆ, ಅದಕ್ಕೆ ಬೆಂಕಿ ಹತ್ತಿದರೆ ಮಾಡಿಗೇ ಅಪಾಯ.

ನಿಮಗೂ ಈಗಾಗಲೇ ಇಂಥವರಿಂದ ಮೋಸ ಆಗಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದವರೆಗೆ ಅವಕಾಶ ಇದೆ, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಆದರೆ ಕೈಯಲ್ಲಿ ಏನಾದರೂ ದಾಖಲೆ ಬೇಕು. ಬಿಲ್ ಕೊಡದಿದ್ದರೂ ದುಡ್ಡನ್ನು ಫೋನ್‌ಪೇ, ಗೂಗಲ್‌ಪೇಯಲ್ಲೇ ಹಾಕಿ. ಟೆಂಪೋದ ನಂಬರ್ ಕಾಣುವಂತೆ ಫೋಟೋ ತೆಗೆದುಕೊಳ್ಳಿ. ಹಂಡೆ, ಕೊಪ್ಪರಿಗೆ ಏನೇ ಕೊಟ್ಟರೂ ತೂಕ ಹಾಕಿಸಿ, ಚೀಟಿಯಲ್ಲಿ ಬರೆಸಿ. ನಾವು ನಗದು ಕೊಡದೆ ಫೋನಲ್ಲಿ ಹಾಕಿದ್ದರಿಂದ ದೂರು ಬರೆಯಲು ಒಂದು ಆಧಾರ ಸಿಕ್ಕಿದೆ. ಹಂಡೆಗೆ ಯಾವ ಆಧಾರವೂ ಇಲ್ಲ.

ಅದೇ ಟೆಂಪೋ ಈಗ ತುರುವೇಕೆರೆ ಕಡೆ ಓಡಾಡುತ್ತಿದೆ ಎಂದು ನಾದಿನಿ ಹೇಳಿದಳು. ಅವಳ ಊರಲ್ಲೂ ಒಂದು ಮನೆಯವರು ಹಂಡೆ ಕೊಟ್ಟಾಗಿದೆಯಂತೆ. ಆ ಮನೆಯವರಿಗೆ ಫೋನ್ ಮಾಡಿ, ಮೊದಲು ಹೆಂಚು ಸರಿಸಿ ಮೇಲೆ ಯಾವ ಪೈಪು ಹಾಕಿದ್ದಾರೆ ನೋಡಿ, ಅಲ್ಲೀವರೆಗೂ ಒಲೆ ಹಚ್ಚಬೇಡಿ ಅಂತ ಹೇಳಿದ್ದೇನೆ.